ಗಾಯಕ್ಕೆ ಗಾಳಿ ಬೇಕಿಲ್ಲ

ಮಗು ಮೊಣಕಾಲು ತರಚಿಕೊಂಡು ಬಂದರೆ ಮನೆಯ ಹಿರಿಯರು ಒಂದು ಮಾತು ಹೇಳಿಯೇ ಹೇಳುತ್ತಾರೆ: "ಪಟ್ಟಿಗಿಟ್ಟಿ ಬೇಡ, ಗಾಳಿಯಾಡಲಿ, ಬೇಗ ಒಣಗುತ್ತದೆ." ಒಣಗುವುದೇನೋ ನಿಜ. ಆದರೆ ಒಣಗಿದಷ್ಟೂ ಗಾಯ ಮಾಯುವುದು ತಡವಾಗುತ್ತದೆ ಎಂಬುದು ಗೊತ್ತಾಗಿ ಅರವತ್ತು ವರ್ಷಗಳ ಮೇಲಾಯಿತು. ಆ ಸುದ್ದಿ ಮಾತ್ರ ಇನ್ನೂ ನಮ್ಮ ಪಡಸಾಲೆಗಳನ್ನು ಮುಟ್ಟಿಲ್ಲ.

1962ರಲ್ಲಿ ಲಂಡನ್ನಿನ ಜಾರ್ಜ್ ವಿಂಟರ್ 'ನೇಚರ್' ಪತ್ರಿಕೆಯಲ್ಲಿ ಪುಟ್ಟ ಪ್ರಬಂಧವೊಂದನ್ನು ಪ್ರಕಟಿಸಿದರು. ಎಳೆಯ ಹಂದಿಗಳ ಬೆನ್ನಿನ ಮೇಲೆ ಮೇಲುಮೇಲಿನ ಗಾಯಗಳನ್ನು ಮಾಡಿ, ಕೆಲವನ್ನು ಗಾಳಿಗೆ ಬಿಟ್ಟು, ಉಳಿದವಕ್ಕೆ ಪಾಲಿಥೀನ್ ಹಾಳೆ ಹೊದಿಸಿದ್ದರು. ಹಂದಿಯೇ ಏಕೆ? ಇಲಿಯ ಚರ್ಮ ಸಡಿಲ. ಅದರ ಗಾಯ ಬಹುಮಟ್ಟಿಗೆ ಅಂಚುಗಳನ್ನು ಒಳಕ್ಕೆ ಸೆಳೆದುಕೊಂಡು ಮುಚ್ಚಿಕೊಳ್ಳುತ್ತದೆ. ಹಂದಿಯದು ನಮ್ಮಂತೆ ಬಿಗಿಯಾದ ಚರ್ಮ. ಹೊಸ ಹೊರಚರ್ಮ ಹರಡಿಯೇ ಅಲ್ಲಿ ಗಾಯ ಮುಚ್ಚಬೇಕು. ಹಾಳೆಯ ಕೆಳಗಿನ ಗಾಯಗಳಲ್ಲಿ ಅದು ಸುಮಾರು ಎರಡು ಪಟ್ಟು ವೇಗವಾಗಿ ಹರಡಿತ್ತು. ಮರುವರ್ಷ ಹಿನ್ಮನ್ ಮತ್ತು ಮೈಬಾಕ್ ಎಂಬುವರು ಮನುಷ್ಯರಲ್ಲೂ ಇದನ್ನೇ ಕಂಡರು.

ಕಾರಣ ಹಕ್ಕಳೆ. ಹಕ್ಕಳೆ ಕಟ್ಟಿತೆಂದರೆ ವಾಸಿಯಾಗುತ್ತಿದೆ ಎಂದು ನಾವು ಸಮಾಧಾನಪಡುತ್ತೇವೆ. ಹೊರಚರ್ಮದ ಜೀವಕೋಶಗಳಿಗೆ ಅದೊಂದು ದೊಡ್ಡ ತಡೆ. ಗಾಯದ ಅಂಚಿನಲ್ಲಿರುವ, ಕೂದಲಿನ ಬುಡದ ಸುತ್ತ ಉಳಿದಿರುವ ಈ ಕೋಶಗಳು (ಕೆರಟಿನೋಸೈಟ್‌ಗಳು) ಗಾಯವಾದ ಕೆಲವೇ ಗಂಟೆಗಳಲ್ಲಿ ಅಕ್ಕಪಕ್ಕದ ಹಿಡಿತ ಸಡಿಲಿಸಿ, ಚಪ್ಪಟೆಯಾಗಿ, ಮುಂದಕ್ಕೆ ತೆಳುವಾದ ಪಾದ ಚಾಚಿ ತೆವಳಲು ಅಣಿಯಾಗುತ್ತವೆ. ತೆವಳುವುದಕ್ಕೆ ತೇವ ಬೇಕು. ಗಾಳಿಗೆ ಬಿಟ್ಟ ಗಾಯದಲ್ಲಿ ಒಣಗಿರುವುದು ರಕ್ತದ ಹೆಪ್ಪು ಮಾತ್ರವಲ್ಲ. ಕೆಳಗಿನ ಒಳಚರ್ಮದ ಒಂದು ಪದರವೂ ಸತ್ತು ಹಕ್ಕಳೆಗೆ ಸೇರಿಹೋಗಿರುತ್ತದೆ. ವಿಂಟರ್ ಸೂಕ್ಷ್ಮದರ್ಶಕದಲ್ಲಿ ನೋಡಿದ್ದು ಇದನ್ನೇ. ಬೇಸಿಗೆಯಲ್ಲಿ ಬಿರುಕುಬಿಟ್ಟ ಕೆರೆಯಂಗಳದಲ್ಲಿ ಕಪ್ಪೆ ತೇವ ಹುಡುಕಿ ಮಣ್ಣಿನೊಳಗೆ ಇಳಿಯುವಂತೆ, ಈ ಕೋಶಗಳು ಹಸಿ ಸಿಗುವ ಆಳದವರೆಗೆ ಇಳಿದು ಅಲ್ಲಿಂದ ದಾರಿ ಕೊರೆಯಬೇಕು. ಕೊರೆಯುವುದಕ್ಕೆ ಬಳಸುವುದು ಕಿಣ್ವಗಳನ್ನು: ಚರ್ಮಕ್ಕೆ ಗಟ್ಟಿತನ ಕೊಡುವ ಕೊಲಾಜೆನ್ ನಾರುಗಳನ್ನು ತುಂಡರಿಸಲು ಮೆಟಲೋಪ್ರೋಟಿಯೇಸ್‌ಗಳು, ಹೆಪ್ಪಿನ ಫೈಬ್ರಿನ್ ಎಳೆಗಳನ್ನು ಕರಗಿಸಲು ಪ್ಲಾಸ್ಮಿನ್.

ಪ್ಲಾಸ್ಮಿನ್ ಹೆಸರೆತ್ತಿದ ಮೇಲೆ 1996ರ ಇಲಿ ಪ್ರಯೋಗಗಳನ್ನು ಹೇಳದೆ ಮುಂದೆ ಹೋಗಲಾರೆ. ಅದರ ಮೂಲರೂಪವಾದ ಪ್ಲಾಸ್ಮಿನೋಜೆನ್ ತಯಾರಿಸಲಾಗದ ಇಲಿಗಳಲ್ಲಿ ಗಾಯ ಮಾಯುವುದು ವಿಪರೀತ ನಿಧಾನವಾಯಿತು. ಕೋಶಗಳು ಫೈಬ್ರಿನ್ ಎದುರು ದಾರಿಗಾಣದೆ ನಿಂತಿದ್ದವು. ಆಮೇಲೆ ಪ್ಲಾಸ್ಮಿನೋಜೆನ್ ಜೊತೆಗೆ ಫೈಬ್ರಿನ್‌ನ ಮೂಲರೂಪವಾದ ಫೈಬ್ರಿನೋಜೆನ್ ಕೂಡ ಇಲ್ಲದ ಇಲಿಗಳನ್ನು ಪರೀಕ್ಷಿಸಿದರು. ಎರಡು ಕೊರತೆಗಳಿದ್ದ ಆ ಇಲಿಗಳ ಗಾಯ ಹೆಚ್ಚುಕಡಿಮೆ ಮಾಮೂಲಿ ವೇಗದಲ್ಲೇ ಮುಚ್ಚಿತು! ಕೋಶಗಳಿಗೆ ನಡೆಯಲು ಬರುತ್ತಿತ್ತು, ದಾರಿಗೆ ಅಡ್ಡ ಬಿದ್ದದ್ದು ಮಾತ್ರ ಸರಿಯಬೇಕಿತ್ತು.

ಹಸಿಯಾಗಿಡುವುದು ಸರಿ, ಆದರೆ ಪಾಲಿಥೀನ್ ಕೆಳಗೆ ಗಾಯದಿಂದ ಒಸರುವ ರಸಿಕೆ ನಿಂತು ಸೋರುತ್ತದೆ. ಹೈಡ್ರೋಕೊಲಾಯ್ಡ್ ಪಟ್ಟಿ ನೆರವಿಗೆ ಬಂದದ್ದು ಇಲ್ಲಿ. ಜೆಲಾಟಿನ್, ಪೆಕ್ಟಿನ್ ಮತ್ತು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಬೆರೆತ ಈ ಅಂಟು ಮೊದಲು ರೂಪುಗೊಂಡದ್ದು ಬಾಯಿಯೊಳಗಿನ ಒದ್ದೆ ಮೇಲ್ಮೈಗೆ ಹಚ್ಚಲು. ಬಳಿಕ, ಕರುಳಿನ ಶಸ್ತ್ರಚಿಕಿತ್ಸೆಯಾಗಿ ಹೊಟ್ಟೆಯ ಮೇಲೆ ಚೀಲ ಕಟ್ಟಿಕೊಳ್ಳಬೇಕಾದವರ ಚರ್ಮ ಕಾಯಲು ಒದಗಿತು. ಗಾಯದ ಪಟ್ಟಿಯಾಗಿ ಮಾರುಕಟ್ಟೆಗೆ ಬಂದದ್ದು 1980ರ ದಶಕದ ಆರಂಭದಲ್ಲಿ. ಮುಟ್ಟಿದರೆ ರಬ್ಬರಿನಂಥ ಮೆತ್ತನೆಯ ಹಾಳೆ, ಹೊರಮೈ ಪಾಲಿಯುರೆಥೇನಿನದು. ಅಂಗೈಗಳ ನಡುವೆ ಒಂದಿಷ್ಟು ಬೆಚ್ಚಗೆ ಮಾಡಿ ಒತ್ತಿದರೆ ಒಣ ಚರ್ಮಕ್ಕೆ ಗಟ್ಟಿಯಾಗಿ ಹಿಡಿಯುತ್ತದೆ. ಗಾಯದ ಮೇಲಿರುವ ಭಾಗ ರಸಿಕೆ ಹೀರಿ ಊದಿ ಲೋಳೆಯಾಗುವುದರಿಂದ, ಬಿಚ್ಚುವಾಗ ಹೊಸ ಚರ್ಮ ಕಿತ್ತು ಬರುವುದಿಲ್ಲ.

ಬಿಚ್ಚಿದಾಗ ಕಾಣುವ ಹಳದಿ ಲೋಳೆ, ಅದರ ವಾಸನೆ ನೋಡಿ ಕೀವಾಯಿತೆಂದು ಗಾಬರಿಯಾಗುವವರಿದ್ದಾರೆ. ಅದು ಬಹುಪಾಲು ಪಟ್ಟಿಯದೇ ವಸ್ತು. ಸುತ್ತಲಿನ ಚರ್ಮ ಕೆಂಪಾಗಿ, ಬಿಸಿಯಾಗಿ, ನೋವು ಏರುತ್ತಿದ್ದರೆ ಮಾತ್ರ ಸೋಂಕನ್ನು ಶಂಕಿಸಬೇಕು. ಮೊಡವೆಗೆ ಅಂಟಿಸುವ ಪುಟ್ಟ ಬಿಲ್ಲೆಗಳ ನಡುವೆ ಬೆಳಗ್ಗೆ ಕಾಣುವ ಬಿಳಿ ಉಬ್ಬಿನ ಕಥೆಯೂ ಇದೇ. "ನೋಡಿ, ಎಷ್ಟು ಕೀವು ಎಳೆದಿದೆ" ಎಂದು ಜಾಹೀರಾತು ತೋರಿಸುವ ಬಿಳುಪು ಹೆಚ್ಚಾಗಿ ನೀರು ಕುಡಿದ ಸೆಲ್ಯುಲೋಸ್.

ಮುಚ್ಚಿಟ್ಟರೆ ಕೊಳೆಯುವುದಿಲ್ಲವೇ ಎಂಬ ಅಂಜಿಕೆ ಸಹಜ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ 1990ರ ಸಮೀಕ್ಷೆಯಲ್ಲಿ ಸೋಂಕಿನ ಪ್ರಮಾಣ ಮಾಮೂಲಿ ಬಟ್ಟೆಪಟ್ಟಿಗಳಲ್ಲಿ ಶೇ. 7.1, ಇಂಥ ಮುಚ್ಚುಪಟ್ಟಿಗಳಲ್ಲಿ ಶೇ. 2.6. ಒದ್ದೆಯಲ್ಲಿ ಬಿಳಿ ರಕ್ತಕಣಗಳು ಜೀವಂತವಾಗಿ ಓಡಾಡುತ್ತವೆ, ಹೊರಗಿನ ಕ್ರಿಮಿ ಒಳನುಗ್ಗಲಾರದು. ಇನ್ನು ಆಮ್ಲಜನಕ: ಗಾಯದ ಆಳಕ್ಕೆ ಅದನ್ನು ತಲುಪಿಸುವುದು ರಕ್ತ. ಆಮ್ಲಜನಕ ಒಂದಿಷ್ಟು ಕಡಿಮೆಯಾದರೆ ಕೋಶಗಳು ಹೊಸ ರಕ್ತನಾಳಗಳಿಗೆ ಕರೆ ಕಳಿಸುತ್ತವೆ. ಆಮ್ಲಜನಕದ ಕೊರತೆಯನ್ನು ಕೋಶ ಹೇಗೆ ಅರಿಯುತ್ತದೆ ಎಂಬುದನ್ನು ಬಿಡಿಸಿದ ಮೂವರಿಗೆ 2019ರ ನೊಬೆಲ್ ಬಂತು.

ಸುಟ್ಟ ಗಾಯಕ್ಕೆ ಕಾಫಿಪುಡಿ, ಟೂತ್‌ಪೇಸ್ಟ್ ಬಳಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತೊಳೆದು ತೆಗೆಯುವುದೇ ವೈದ್ಯರಿಗೆ ಮೊದಲ ಕೆಲಸವಾಗುತ್ತದೆ, ರೋಗಿಗೆ ಎರಡನೆಯ ಯಾತನೆ. ಹಾಗೆಂದು ಅಡುಗೆಮನೆಯ ಎಲ್ಲವನ್ನೂ ತಳ್ಳಿಹಾಕುವಂತಿಲ್ಲ. ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ ಮಾಧುರಿ ಗೋರೆ ಮತ್ತು ಸಂಗಡಿಗರು ಕ್ರಿಮಿಶುದ್ಧ ಮಾಡಿದ ಬಾಳೆಎಲೆಯನ್ನು ಸುಟ್ಟ ಗಾಯಗಳಿಗೂ ಚರ್ಮ ಕಸಿಗಾಗಿ ತೆಗೆದ ಜಾಗಗಳಿಗೂ ಹೊದಿಸಿ, ಬೇರೆ ಪಟ್ಟಿಗಳೊಂದಿಗೆ ಹೋಲಿಸಿ 2003ರಲ್ಲಿ ಪ್ರಕಟಿಸಿದರು. ಎಲೆಯ ನುಣುಪು ಗಾಯಕ್ಕೆ ಅಂಟುವುದಿಲ್ಲ, ಬಿಚ್ಚುವಾಗ ನೋವಿಲ್ಲ, ಬೆಲೆಯೂ ಅಗ್ಗ. ಸುಶ್ರುತ ಸಂಹಿತೆಯ ಅರವತ್ತು ವ್ರಣೋಪಕ್ರಮಗಳಲ್ಲಿ (ಗಾಯದ ಚಿಕಿತ್ಸಾಕ್ರಮಗಳಲ್ಲಿ) ಎಲೆ ಹೊದಿಸುವ ಪತ್ರದಾನವೂ ಒಂದು. ಆದರೆ ಎಲ್ಲವೂ ನಮ್ಮಲ್ಲೇ ಇತ್ತೆಂದು ಎದೆ ತಟ್ಟಿಕೊಳ್ಳುವವರಿಗೆ ಇಷ್ಟು ನೆನಪಿರಲಿ: ಎಲೆಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ಅಳೆದ ಮೇಲೆಯೇ ಸಯಾನ್‌ನವರು ಮಾತಾಡಿದ್ದು.

ಪಟ್ಟಿ ಎಲ್ಲ ಗಾಯಕ್ಕೂ ಅಲ್ಲ. ಸೋಂಕು ತಗುಲಿದ್ದಕ್ಕೆ, ಆಳವಾದ ಸುಟ್ಟಗಾಯಕ್ಕೆ, ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿಗೆ ಮನೆಯಲ್ಲೇ ಅಂಟಿಸಿ ಕೂರಬಾರದು. ನಾಯಿ ಕಚ್ಚಿದ್ದಾದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು.

ಕಲೆಯ ವಿಷಯದಲ್ಲಿ ಭರವಸೆ ಮಾರುವವರು ಹೆಚ್ಚು. ಕಲೆ ಉಳಿಯುವುದು ಗಾಯ ಎಷ್ಟು ಆಳಕ್ಕೆ ಇಳಿದಿದೆ ಎಂಬುದರ ಮೇಲೆ. 2007ರಲ್ಲಿ ಸ್ವಯಂಸೇವಕರ ಸೊಂಟದ ಪಕ್ಕದ ಚರ್ಮವನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಆಳ ಹೆಚ್ಚುವಂತೆ ಗೀರಿ ನೋಡಿದಾಗ, ಸುಮಾರು 0.56 ಮಿಲಿಮೀಟರ್ ದಾಟಿದಲ್ಲಿ ಮಾತ್ರ ಕಲೆ ಉಳಿದಿತ್ತು. ಒಣಗಿ ಸಾಯುವ ಒಳಚರ್ಮದ ಪದರವನ್ನು ಹಸಿಪಟ್ಟಿ ಉಳಿಸಿಕೊಡುತ್ತದಲ್ಲ, ಅದರ ಬೆಲೆ ಇಲ್ಲಿ ತಿಳಿಯುತ್ತದೆ. ಆಗಲೇ ಬಲಿತ ಹಳೆಯ ಕಲೆಯ ಮೇಲೆ ಹೈಡ್ರೋಕೊಲಾಯ್ಡ್ ಅಂಟಿಸಿದರೆ ಅದು ಕರಗುತ್ತದೆ ಎನ್ನುವುದಕ್ಕೆ ಒಳ್ಳೆಯ ಪುರಾವೆ ಇಲ್ಲ. ಉಬ್ಬಿದ ಕಲೆಗೆ ವೈದ್ಯರು ಸಾಮಾನ್ಯವಾಗಿ ಹೇಳುವುದು ಸಿಲಿಕೋನ್ ಹಾಳೆಯನ್ನು. ಅದರ ಸಾಕ್ಷ್ಯವೂ ಅಷ್ಟು ಗಟ್ಟಿಯಲ್ಲ. ಗಾಯದ ಗಡಿ ದಾಟಿ ಬೆಳೆಯುವ ಕೀಲಾಯ್ಡ್‌ಗೆ ಸ್ಟೆರಾಯ್ಡ್ ಚುಚ್ಚುಮದ್ದೇ ಬೇಕಾಗಬಹುದು. ನಮ್ಮ ಕಂದು ಚರ್ಮದಲ್ಲಿ ತರಚುಗಾಯದ ನಂತರ ಉಳಿಯುವ ಕಪ್ಪಾದರೋ ಅನೇಕ ಸಲ ಕಲೆಯೇ ಅಲ್ಲ, ಉರಿಯೂತದಿಂದ ಹೆಚ್ಚು ಸುರಿದ ಮೆಲನಿನ್ ಎಂಬ ಚರ್ಮದ ಬಣ್ಣ. ಹಕ್ಕಳೆ ಕೆರೆದರೆ, ಬಿಸಿಲು ಬಿದ್ದರೆ ಅದು ಗಾಢವಾಗುತ್ತದೆ. ಬಟ್ಟೆಯಿಂದಲೋ ಸನ್‌ಸ್ಕ್ರೀನಿನಿಂದಲೋ ಬಿಸಿಲಿಗೆ ಮರೆಮಾಡಿ ಬಿಟ್ಟರೆ ತಿಂಗಳುಗಳಲ್ಲಿ ತಾನಾಗಿ ತಿಳಿಯಾಗುತ್ತದೆ.