ವಾಜಿಮಾದ ಉರುಶಿ ಪಾತ್ರೆಗಳು: ಕುಟುಂಬದ ಕಾರ್ಯಾಗಾರ ನಡೆಯುವ ಬಗೆ

ಜಪಾನಿನ ಇಶಿಕಾವಾ ಪ್ರಾಂತ್ಯದ ನೋಟೋ ಪರ್ಯಾಯದ್ವೀಪದ ಉತ್ತರ ಕರಾವಳಿಯಲ್ಲಿರುವ ವಾಜಿಮಾ, ಮೆರುಗು ಹಚ್ಚಿದ ಮರದ ಪಾತ್ರೆಗಳಿಗೆ ಹೆಸರಾದ ಊರು. ಕನ್ನಡದ ವಿದ್ಯಾರ್ಥಿಗಳು ಮೊದಲಿಗೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಅರಗು ಕೀಟದಿಂದ ಬರುವಂಥದ್ದು. ತಿರುಗುವ ಮರಕ್ಕೆ ಒತ್ತಿ ಹಿಡಿದಾಗ ಹುಟ್ಟುವ ಬಿಸಿಗೆ ಅದು ಕರಗಿ ಅಂಟಿಕೊಳ್ಳುತ್ತದೆ. ಜಪಾನಿನ ಉರುಶಿಯಾದರೋ ಮಾವು, ಗೋಡಂಬಿಗಳ ಸಸ್ಯಕುಟುಂಬಕ್ಕೇ ಸೇರಿದ ಮರದ ತೊಗಟೆಯನ್ನು ಗೀರಿ ತೆಗೆಯುವ ರಸ. ಹತ್ತು ಹದಿನೈದು ವರ್ಷ ಬೆಳೆದ ಮರವೊಂದರಿಂದ ಸುಮಾರು 200 ಗ್ರಾಂ ಸಿಕ್ಕರೆ ಹೆಚ್ಚು. ಹಸಿ ರಸ ಮೈಗೆ ತಗುಲಿದರೆ ತುರಿಕೆಯ ದದ್ದುಗಳೇಳುತ್ತವೆ. ರಸದಲ್ಲಿರುವ ಕಿಣ್ವವು ತೇವವಿರುವ ಗಾಳಿಯ ಆಮ್ಲಜನಕವನ್ನು ಬಳಸಿಕೊಂಡು ಅದನ್ನು ಗಟ್ಟಿಗೊಳಿಸುವುದರಿಂದ, ಬಳಿದ ಪಾತ್ರೆಗಳನ್ನು ಬಿಸಿಲಿಗಿಡದೆ, ತೇವ ಕಾಯ್ದಿರಿಸಿದ ಕಪಾಟಿನಲ್ಲಿಡುತ್ತಾರೆ. ಮಳೆಗಾಲದಲ್ಲಿ ಬಣ್ಣ ಒಣಗದೆ ಪರದಾಡುವ ನಮಗೆ ಇದು ವಿಚಿತ್ರವಾಗಿಯೇ ಕಾಣುತ್ತದೆ.

ವಾಜಿಮಾದ ವೈಶಿಷ್ಟ್ಯವಿರುವುದು ಹೊರಗಿನ ಹೊಳಪಿಗಿಂತ ಹೆಚ್ಚಾಗಿ ಅಡಿಲೇಪದಲ್ಲಿ. ಬಟ್ಟಲಿನ ಅಂಚು, ಬುಡದಂತಹ ಬೇಗ ಪೆಟ್ಟು ತಿನ್ನುವ ಭಾಗಗಳಿಗೆ, ಅಕ್ಕಿಯ ಅಂಟು ಬೆರೆಸಿದ ಉರುಶಿಯಿಂದ ಬಟ್ಟೆಯನ್ನು ಅಂಟಿಸುತ್ತಾರೆ. ಬಳಿಕ ಆ ಪ್ರದೇಶದಲ್ಲೇ ದೊರೆಯುವ, ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಚಿಪ್ಪುಗಳಿಂದಾದ ಮಣ್ಣನ್ನು ಸುಟ್ಟು ಪುಡಿ ಮಾಡಿದ ‘ಜಿನೋಕೊ’ವನ್ನು ಉರುಶಿಗೆ ಕಲಸಿ, ಪ್ರತಿ ಸಲವೂ ಮೊದಲಿಗಿಂತ ನಯವಾದ ಪುಡಿಯನ್ನು ಆರಿಸಿಕೊಂಡು, ಮೂರು ಸುತ್ತು ಬಳಿದು ಉಜ್ಜುತ್ತಾರೆ. ಈ ಮಣ್ಣಿನ ಸೂಕ್ಷ್ಮ ರಂಧ್ರಗಳು ಉರುಶಿಯನ್ನು ಹೀರಿಕೊಳ್ಳುವುದರಿಂದ ಪದರ ಗಟ್ಟಿಯಾಗುತ್ತದೆ. ಕೊನೆಯ ಲೇಪಕ್ಕೆ ಬಳಸುವ ಕುಂಚ ಮನುಷ್ಯರ ತಲೆಗೂದಲಿನದು. ಕೂದಲು ಮರದ ಪಟ್ಟಿಗಳ ನಡುವೆ ಉದ್ದಕ್ಕೂ ಹುದುಗಿರುವುದರಿಂದ, ತುದಿ ಸವೆದಾಗ ಪೆನ್ಸಿಲ್ ಹೆರೆದಂತೆ ಮರವನ್ನು ಹೆರೆದು ಹೊಸ ಕೂದಲನ್ನು ಹೊರತೆಗೆಯುತ್ತಾರೆ.

ಇಷ್ಟೆಲ್ಲವನ್ನೂ ಒಂದೇ ಮನೆಯವರು ಮಾಡುತ್ತಾರೆಂದು ತಿಳಿಯಬಾರದು. ಬಟ್ಟಲು ಕಡೆಯುವವರು, ಅಡಿಲೇಪದವರು, ಮೇಲ್ಲೇಪದವರು, ಗೀರಿದ ಗೆರೆಗಳಲ್ಲಿ ಚಿನ್ನ ತುಂಬುವವರು ಬೇರೆ ಬೇರೆ. ಇವರನ್ನು ಜೋಡಿಸಿ, ಬೇಡಿಕೆ ಪಡೆದು, ಮಾಲಿನ ಹೊಣೆ ಹೊರುವ ಮನೆತನಕ್ಕೆ ‘ನುಶಿಯಾ’ ಎಂದು ಹೆಸರು. ಹಿಂದೆ ನುಶಿಯಾಗಳು ಊರೂರು ತಿರುಗಿ ಗ್ರಾಹಕರಿಗೆ ನೇರವಾಗಿ ಮಾರುತ್ತಿದ್ದರು. ಕೊಳ್ಳುವವರು ಗುಂಪು ಕಟ್ಟಿಕೊಂಡು, ಚೀಟಿ ಹಾಕಿದ ಹಾಗೆ, ಕಂತಿನಲ್ಲಿ ಹಣ ತೆರುವ ಪದ್ಧತಿಯೂ ಇತ್ತು. ಮಾರಿದ ಪಾತ್ರೆ ಮುಕ್ಕಾದರೆ ದುರಸ್ತಿ ಮಾಡಿಕೊಡುವುದೂ ಅವರದೇ ಹೊಣೆ. ಆದ್ದರಿಂದ ತಲೆಮಾರಿನಿಂದ ತಲೆಮಾರಿಗೆ ದಾಟುವ ಆಸ್ತಿಯಲ್ಲಿ ಕೈಚಳಕದಷ್ಟೇ ಪಾಲು ಈ ಗ್ರಾಹಕರ ನಂಟಿಗೂ ಇದೆಯೆಂಬುದು ನನ್ನ ಅಭಿಪ್ರಾಯ. ಕಲಿಯಲು ಬರುವ ಶಿಷ್ಯರು ಮನೆಯವರೇ ಆಗಿರಬೇಕೆಂದಿಲ್ಲ.

1977ರಲ್ಲಿ ಜಪಾನ್ ಸರ್ಕಾರ ಈ ಕೌಶಲವನ್ನು ಮಹತ್ವದ ಅಮೂರ್ತ ಸಾಂಸ್ಕೃತಿಕ ಆಸ್ತಿಯೆಂದು ಘೋಷಿಸಿತು. 2024ರ ಜನವರಿ 1ರಂದು ಸಂಭವಿಸಿದ 7.6 ತೀವ್ರತೆಯ ಭೂಕಂಪದಲ್ಲಿ, ವಾಜಿಮಾದ ಬೆಳಗಿನ ಸಂತೆಯ ಬೀದಿಯ ಸುತ್ತಮುತ್ತ ಬೆಂಕಿ ಹರಡಿ ಅನೇಕ ಕಾರ್ಯಾಗಾರಗಳು ನಾಶವಾದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನೆರೆಯೂ ಬಂತು. ಕೆಲಸ ಇಷ್ಟು ಕೈಗಳಲ್ಲಿ ಹಂಚಿಹೋಗಿರುವಾಗ, ಲೇಪ ಹಚ್ಚುವವರ ಮನೆ ಉಳಿದಿದ್ದರೂ ಬಟ್ಟಲು ಕಡೆಯುವವರ ಚರಕಿ ನಿಂತರೆ ಅವರ ಕೆಲಸವೂ ನಿಲ್ಲುತ್ತದೆ.