ಒಂಬತ್ತನೆಯ ಪ್ರಶ್ನೆ

ಸಂಶೋಧನೆಗಳಿಗೆ ಒಪ್ಪಿಗೆ ಕೊಡುವ ನಮ್ಮ ನೈತಿಕ ಸಮಿತಿಯ ಮುಂದೆ ಬರುವ ಅರ್ಜಿಗಳಲ್ಲಿ ಆತ್ಮಹತ್ಯೆಯ ಬಗ್ಗೆಯೇ ಅಧ್ಯಯನವಿದ್ದರೂ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯ ಕೊನೆಯ, ಒಂಬತ್ತನೆಯ ಪ್ರಶ್ನೆಯನ್ನು ಹೊಡೆದುಹಾಕಿರುವುದನ್ನು ಎಷ್ಟು ಸಲ ನೋಡಿದ್ದೇನೋ! ಕಳೆದ ಎರಡು ವಾರಗಳಲ್ಲಿ ಸತ್ತರೇ ಮೇಲು ಅನ್ನಿಸಿತ್ತೇ ಎಂದು ಕೇಳುವ ಪ್ರಶ್ನೆ ಅದು. "ಇಲ್ಲದ ಯೋಚನೆಯನ್ನು ನಾವೇಕೆ ತಲೆಗೆ ಹಾಕಬೇಕು ಡಾಕ್ಟರೇ?" ಎನ್ನುತ್ತಾರೆ ಸಂಶೋಧಕರು. ಆ ಪ್ರಶ್ನೆ ಬಿಟ್ಟು ಎಂಟೇ ಪ್ರಶ್ನೆಗಳ ಆವೃತ್ತಿಯೂ ಇದೆ, ಅದಕ್ಕೆ ಅದರ ಜಾಗವಿದೆ. ಇಲ್ಲಿ ಅಲ್ಲ.

2005ರಲ್ಲಿ ಪ್ರಕಟವಾದ ನ್ಯೂಯಾರ್ಕ್‌ನ ಅಧ್ಯಯನವೊಂದು 2,342 ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಆತ್ಮಹತ್ಯೆಯ ಪ್ರಶ್ನೆಗಳನ್ನು ಕೇಳಿತು. ಎರಡು ದಿನ ಬಿಟ್ಟು ನೋಡಿದರೆ ಆ ಗುಂಪಿನಲ್ಲಿ ಕಳವಳವೂ ಹೆಚ್ಚಿರಲಿಲ್ಲ, ಸಾಯುವ ಯೋಚನೆಯೂ ಹೆಚ್ಚಿರಲಿಲ್ಲ. ಖಿನ್ನತೆ ಇದ್ದವರಲ್ಲಿ ಕಳವಳ ತುಸು ಕಡಿಮೆಯೇ ಇತ್ತು. ಆಮೇಲಿನ ಅಧ್ಯಯನಗಳೂ ಹೆಚ್ಚುಕಡಿಮೆ ಇದನ್ನೇ ಹೇಳಿವೆ. ಹಾಗೆಂದು ಯಾರನ್ನು ಬೇಕಾದರೂ, ಹೇಗೆ ಬೇಕಾದರೂ ಕೇಳಬಹುದು ಎಂದು ನಾನು ಹೇಳುತ್ತಿಲ್ಲ. ಮೊನ್ನೆಯಷ್ಟೇ ಪ್ರಯತ್ನಿಸಿ ಬದುಕುಳಿದವರ ವಿಷಯದಲ್ಲಿ ಎಚ್ಚರ ಬೇರೆಯೇ ಬೇಕು.

ನನಗೆ ಭಯ ಹುಟ್ಟಿಸುವುದು ಉತ್ತರ ಸೇರುವ ಬೀರು. "ಸುಮಾರು ಪ್ರತಿದಿನ" ಎಂದು ಯಾರೋ ಗುರುತು ಹಾಕಿ ಕೊಟ್ಟ ಹಾಳೆಯನ್ನು ಯಾರು ಓದುತ್ತಾರೆ, ಯಾವಾಗ? ಯುವ ಸಂಶೋಧಕಿಯೊಬ್ಬರು ಇದಕ್ಕೆ, "ಮೂರು ತಿಂಗಳ ನಂತರ ಸರ್, ಎಲ್ಲವನ್ನೂ ಒಟ್ಟಿಗೆ ಕಂಪ್ಯೂಟರಿಗೆ ಹಾಕುವಾಗ" ಎಂದರು. ಒಳ್ಳೆಯ ಹುಡುಗಿ, ಶ್ರದ್ಧೆಯವಳು. ಕೊನೆಯ ಪುಟದಲ್ಲಿ ಸಹಾಯವಾಣಿಯ ಸಂಖ್ಯೆ ಇದೆಯಲ್ಲ ಎಂದು ನೆಮ್ಮದಿಯಾಗಿದ್ದಳು. ಹಾಳೆ ಆ ದಿನವೇ ಓದಿಸಿಕೊಳ್ಳಬೇಕು. ಓದಿದವರು ಯಾರಿಗೆ ಫೋನ್ ಮಾಡಬೇಕೆಂಬುದು ಮೊದಲೇ ಬರೆದಿರಬೇಕು.

ಒಪ್ಪಿಗೆ ಪತ್ರದಲ್ಲಿ "ಸಂಪೂರ್ಣ ಗೋಪ್ಯ" ಎಂದು ಬರೆಯುವುದೂ ಇದೇ ಜಾತಿಯ ತಪ್ಪು. ಸಹಿ ಹಾಕುವ ಮುನ್ನ ಒಬ್ಬರು ನನ್ನನ್ನೇ ನೋಡುತ್ತ ಕೇಳಿದ್ದರು: "ನಾನು ಹೇಳಿದ್ದನ್ನು ಮನೆಯವರಿಗೆ ಹೇಳುತ್ತೀರಾ?" ಜೀವಕ್ಕೆ ಅಪಾಯ ಕಂಡರೆ ಹೇಳಬೇಕಾದೀತು, ಆದರೆ ಮೊದಲು ನಿಮಗೆ ತಿಳಿಸಿಯೇ ಹೇಳುತ್ತೇನೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಸಹಿ ಹಾಕಿದರು. ಹಾಕದೆ ಎದ್ದುಹೋಗಿದ್ದರೂ ಅದು ಅವರ ಹಕ್ಕು. ಹೆಸರೇ ಕೇಳದ ಆನ್‌ಲೈನ್ ಸಮೀಕ್ಷೆಯಲ್ಲಿ ಈ ಮಾತನ್ನು ಕೊಡಲು ಬರುವುದಿಲ್ಲ. ಅಲ್ಲಿ ನಾವು ಯಾರನ್ನೂ ಹುಡುಕಿಕೊಂಡು ಹೋಗಲಾರೆವು ಎಂದು ಮೊದಲ ಸಾಲಿನಲ್ಲೇ ಬರೆಯಿರಿ.

ಆ ಸಂಶೋಧಕಿ ಮುಂದಿನ ತಿಂಗಳು ಒಂಬತ್ತನೆಯ ಪ್ರಶ್ನೆಯೊಂದಿಗೆ, ಯಾವ ದಿನ ಯಾವ ವೈದ್ಯರು ಸಿಗುತ್ತಾರೆಂಬ ಪಟ್ಟಿಯೊಂದಿಗೆ ಬಂದರು. ಪಟ್ಟಿಯಲ್ಲಿ ಭಾನುವಾರದ ಎದುರು ಯಾರ ಹೆಸರೂ ಇರಲಿಲ್ಲ. ಅರ್ಜಿಯನ್ನು ಮತ್ತೆ ವಾಪಸು ಕಳಿಸಿದೆವು.