ಮುಚ್ಚಳ ಹಾಕಿದ್ರೆ ಮೀನಿಗೆ ಉಸಿರುಗಟ್ಟಲ್ವಾ?

ಓದುಗರ ಪ್ರಶ್ನೆ: ನಮ್ಮ ಮನೆ ಶಿರಸಿಯಲ್ಲಿ. ಹಾಲ್‌ನಲ್ಲಿ ಎರಡು ಅಡಿ ಉದ್ದದ ಟ್ಯಾಂಕ್ ಇದೆ. ಒಂದು ವರ್ಷದಿಂದ ಗಪ್ಪಿಗಳಿವೆ, ಏನೂ ತೊಂದರೆ ಇರಲಿಲ್ಲ. ಹೋದ ತಿಂಗಳು ನಾಲ್ಕು ಸಿಲ್ವರ್ ಶಾರ್ಕ್ ತಂದೆವು. ಎರಡು ವಾರದೊಳಗೆ ಎರಡು ಹೊರಗೆ ಹಾರಿ ಸತ್ತವು. ಒಂದು ಟಿವಿ ಸ್ಟ್ಯಾಂಡಿನ ಕೆಳಗೆ ಒಣಗಿ ಸಿಕ್ಕಿತು. ಮುಚ್ಚಳ ಹಾಕೋಣ ಎಂದರೆ, ಗಾಳಿ ಇಲ್ಲದೆ ಮೀನು ಸಾಯುತ್ತದೆ ಎಂದು ಮನೆಯವರು ಬೇಡ ಅನ್ನುತ್ತಾರೆ. ಏನು ಮಾಡುವುದು?

ಇವತ್ತೇ ಮುಚ್ಚಿ. ಮನೆಯವರಿಗೆ ನಾಳೆ ವಿವರಿಸಿದರಾಯಿತು.

ಮೀನಿಗೆ ಬೇಕಾದ ಆಮ್ಲಜನಕ ನೀರಿನಲ್ಲಿ ಕರಗಿರುತ್ತದೆ. ಅದು ನೀರಿನ ಮೇಲ್ಮೈಯಿಂದ ಒಳಗೆ ಇಳಿಯುತ್ತದೆ. ಮೇಲ್ಮೈ ಅಲುಗಾಡುತ್ತಿದ್ದರೆ ಜಾಸ್ತಿ ಇಳಿಯುತ್ತದೆ. ನೀವು ಹಾಕುವುದು ಉಪ್ಪಿನಕಾಯಿ ಭರಣಿಯ ಮುಚ್ಚಳ ಅಲ್ವಲ್ಲ. ನೀರಿಗೂ ಮುಚ್ಚಳಕ್ಕೂ ನಡುವೆ ಎರಡು ಮೂರು ಬೆರಳು ಜಾಗ ಇರಲಿ. ಪೈಪು, ವೈರು ಹೋಗುವ ಸಂದಿಯಲ್ಲಿ ಗಾಳಿ ಆಡಿಕೊಂಡೇ ಇರುತ್ತದೆ. ಬೆಟ್ಟಾ, ಗೌರಾಮಿ ಮೇಲೆ ಬಂದು ಬಾಯಲ್ಲೇ ಗಾಳಿ ಗುಟುಕರಿಸುತ್ತವೆ. ಅವಕ್ಕೂ ಅಷ್ಟು ಜಾಗ ಸಾಕು.

ಉಸಿರಿನ ಚಿಂತೆ ಇದ್ದರೆ ಮುಚ್ಚಳವನ್ನಲ್ಲ, ಸೆಕೆಯನ್ನು ಮತ್ತು ಕರೆಂಟನ್ನು ನೋಡಿ. 20 ಡಿಗ್ರಿಯ ಸಿಹಿನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ನಿಲ್ಲುತ್ತದೆ. 30 ಡಿಗ್ರಿಗೆ ಬಂದರೆ ಏಳೂವರೆ. ನೀವು ಘಟ್ಟದ ಮೇಲಿದ್ದೀರಿ, ಸ್ವಲ್ಪ ಪುಣ್ಯವಂತರು. ನಮ್ಮ ಕಾರವಾರದ ಮೇ ತಿಂಗಳಲ್ಲಿ ಟ್ಯಾಂಕಿನ ನೀರು ಮುಟ್ಟಿದರೆ ಸ್ನಾನಕ್ಕೆ ಕಾಯಿಸಿಟ್ಟ ಹಾಗಿರುತ್ತದೆ. ಆಗ ಕರೆಂಟು ಹೋಗಿ ಫಿಲ್ಟರ್ ನಿಂತರೆ ಮೀನುಗಳಿಗೆ ನಿಜಕ್ಕೂ ಉಸಿರುಗಟ್ಟುತ್ತದೆ. ಹಾಗೆ ಉಸಿರುಗಟ್ಟಿದಾಗಲೂ ಅವು ಹಾರುತ್ತವೆ. ಬ್ಯಾಟರಿಯಲ್ಲಿ ನಡೆಯುವ ಚಿಕ್ಕ ಏರ್ ಪಂಪ್ ಒಂದು ಮನೆಯಲ್ಲಿರಲಿ.

ಇನ್ನು, ಹಾರುವುದು ಯಾಕೆ? ಸಂಜೆ ಹೊತ್ತು ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಕಡೆ ನಿಂತು ನೋಡಿ. ಶೆವಟೆ ಮೀನುಗಳು ಚಂಗನೆ ನೆಗೆದು ಮತ್ತೆ ನೀರಿಗೇ ಬೀಳುತ್ತವೆ. ನದಿಯಲ್ಲಿ ಎತ್ತ ಹಾರಿದರೂ ಕೆಳಗೆ ನೀರೇ. ಟ್ಯಾಂಕಿನ ಮೀನಿಗೂ ಅದೇ ಲೆಕ್ಕ. ಗಾಜಿನ ಆಚೆ ನಿಮ್ಮ ಮನೆಯ ರೆಡ್ ಆಕ್ಸೈಡ್ ನೆಲ ಇದೆ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಬೆಚ್ಚಿದಾಗ ಅದು ಯೋಚಿಸುವುದೂ ಇಲ್ಲ. ಮಿದುಳಿನ ಹಿಂಭಾಗದಲ್ಲಿ ಮೌತ್ನರ್ ಕೋಶ ಎಂಬ ಒಂದು ಜೋಡಿ ದೊಡ್ಡ ನರಕೋಶಗಳಿವೆ. ಹಠಾತ್ತನೆ ಸದ್ದೋ ಅದುರೋ ತಗುಲಿದರೆ ಅವು ಮೈಯನ್ನು ಬಿಲ್ಲಿನ ಹಾಗೆ ಬಗ್ಗಿಸಿ ಚಿಮ್ಮಿಸಿಬಿಡುತ್ತವೆ. ನಾವು ರೆಪ್ಪೆ ಬಡಿಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ನಿಮ್ಮ ಸಿಲ್ವರ್ ಶಾರ್ಕ್ ಈ ವಿಷಯದಲ್ಲಿ ಮಹಾ ಪುಕ್ಕಲು. ಹೆಸರಿಗೆ ಶಾರ್ಕ್, ಜಾತಿಯಲ್ಲಿ ಕಾಟ್ಲಾ, ರೋಹು ಇರುವ ಗೆಂಡೆ ಬಳಗದ್ದು. ಆಗ್ನೇಯ ಏಷ್ಯಾದ ದೊಡ್ಡ ನದಿಗಳಲ್ಲಿ ಗುಂಪಾಗಿ ಓಡಾಡಿಕೊಂಡಿರುವ ಮೀನು. ಅಂಗಡಿಯಲ್ಲಿ ಎರಡು ಇಂಚು ಇರುತ್ತದೆ. ಬೆಳೆದರೆ ಒಂದು ಅಡಿ ದಾಟುತ್ತದೆ. ಎರಡು ಅಡಿ ಟ್ಯಾಂಕಿನಲ್ಲಿ ಓಡಲು ಶುರುಮಾಡುವ ಮೊದಲೇ ಗಾಜು ಸಿಗುತ್ತದೆ. ಆಮೇಲೆ ಉಳಿದ ದಾರಿ ಮೇಲಿನದೊಂದೇ. ಮಾರುವವರು ಇದನ್ನು ಹೇಳಬೇಕಿತ್ತು. ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಗಪ್ಪಿ ಒಂದು ವರ್ಷ ಸುಮ್ನೆ ಇತ್ತು ಎಂದು ಹೊಸ ಮೀನೂ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ. ಗಪ್ಪಿಯೂ ಅಪರೂಪಕ್ಕೆ ಹಾರುತ್ತದೆ, ಆ ಮಾತು ಬೇರೆ.

ಹಾರುವುದರಲ್ಲಿ ಹೆಸರುವಾಸಿಯಾದವು ಇನ್ನೂ ಇವೆ. ಅರೋವಾನಾ ಅಮೆಜಾನಿನಲ್ಲಿ ನೀರಿನ ಮೇಲೆ ಬಾಗಿದ ಕೊಂಬೆಯಿಂದಲೇ ಹುಳ ಕಿತ್ತು ತಿನ್ನುವ ಮೀನು. ಹ್ಯಾಚೆಟ್, ಡೇನಿಯೋ, ಕಿಲ್ಲಿ ಮೀನುಗಳೂ ಕಡಿಮೆಯೇನಿಲ್ಲ. ನಮ್ಮ ಗದ್ದೆ ಕಾಲುವೆಗಳಲ್ಲಿ ನೀರಿನ ಮೇಲ್ಗಡೆಯೇ ತೇಲಿಕೊಂಡು, ನೆತ್ತಿಯ ಮೇಲೆ ಬೆಳ್ಳಿ ಚುಕ್ಕಿ ಮಿಂಚಿಸುವ ಸಣ್ಣ ಮೀನು ಇದೆಯಲ್ಲ, ಅದು ಕಿಲ್ಲಿ ಜಾತಿಯದೇ. ಚಿಕ್ಕವರಿದ್ದಾಗ ಹಾರ್ಲಿಕ್ಸ್ ಬಾಟಲಿಯಲ್ಲಿ ಹಿಡಿದಿಟ್ಟು, ಬೆಳಗ್ಗೆ ಬಾಟಲಿ ಖಾಲಿ ನೋಡಿದವರಿಗೆ ಅದರ ಪರಿಚಯ ಇರುತ್ತದೆ.

ಹೆಚ್ಚಿನವು ಹಾರುವುದು ತಂದ ಮೊದಲ ದಿನಗಳಲ್ಲಿ, ಅದೂ ರಾತ್ರಿ. ಕತ್ತಲೆಯಲ್ಲಿ ಯಾರೋ ಎದ್ದು ಫಟ್ ಅಂತ ಟ್ಯೂಬ್‌ಲೈಟ್ ಹಾಕುತ್ತಾರೆ. ಇಲ್ಲವೇ ಎರಡು ಗಂಟೆಗೆ ಕರೆಂಟು ಬಂದು ಟ್ಯಾಂಕಿನ ದೀಪ ತಾನಾಗಿ ಉರಿಯುತ್ತದೆ. ಮಲಗುವಾಗ ಅದರ ಸ್ವಿಚ್ ಆರಿಸಿಯೇ ಮಲಗಿ. ಬೆಳಗ್ಗೆ ಕೋಣೆಯ ಬೆಳಕು ಮೊದಲು, ಟ್ಯಾಂಕಿನದು ಅರ್ಧ ಗಂಟೆ ಬಿಟ್ಟು. ಮಳೆಗಾಲ ಶುರುವಾಗುವಾಗ ದೀಪಕ್ಕೆ ರೆಕ್ಕೆಯ ಗೆದ್ದಲು ಮುತ್ತುತ್ತವೆ. ಟ್ಯಾಂಕಿನ ಮೇಲೆ ಅವು ಹಾರಾಡಿದರೆ ಮೀನಿಗೆ ಹಬ್ಬ, ಅದೂ ನೆಗೆಯುತ್ತದೆ.

ಹಳೆಯ ಮೀನು ಇದ್ದಕ್ಕಿದ್ದ ಹಾಗೆ ಹಾರತೊಡಗಿದರೆ ಮಾತ್ರ ನೀರನ್ನೇ ಅನುಮಾನಿಸಬೇಕು. ಅಮೋನಿಯಾ ಏರಿರಬಹುದು. ನಲ್ಲಿ ನೀರಿನ ಕ್ಲೋರಿನ್ ಹೋಗದೆ ಉಳಿದಿರಬಹುದು. ಚಿರೆಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಬಹಳ ಮೃದು. ಅದರಲ್ಲಿ ಹುಳಿಯಂಶ ತಡೆಯುವ ಖನಿಜ ಕಡಿಮೆ. ಹಾಗಾಗಿ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತರೆ ಅದು ಹುಳಿಯಾಗುತ್ತಾ ಹೋಗುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ಬದಲಿಸಿ. ಒಮ್ಮೆಲೇ ಪೂರ್ತಿ ಬದಲಿಸಿದರೆ ಆ ಆಘಾತಕ್ಕೇ ಹಾರುತ್ತವೆ.

ಮುಚ್ಚಳದ ವಿಷಯದಲ್ಲಿ ನನ್ನ ತಪ್ಪು ಹೇಳುತ್ತೇನೆ. ನನ್ನ ಟ್ಯಾಂಕಿಗೆ ಚೆಂದದ ಗಾಜಿನ ಮುಚ್ಚಳ ಇತ್ತು. ಫಿಲ್ಟರ್ ಪೈಪಿಗೆಂದು ಮೂಲೆಯಲ್ಲಿ ಎರಡು ಬೆರಳಗಲ ಬಿಟ್ಟಿದ್ದೆ. ಮೂರು ಅಡಿ ಉದ್ದದ ಟ್ಯಾಂಕು, ಆ ಮೂಲೆಯಲ್ಲೇ ಡೇನಿಯೋ ಹೊರಗೆ ಹೋಯಿತು. ಅದೇನು ಗುರಿ ಇಟ್ಟಿದ್ದಲ್ಲ. ಫಿಲ್ಟರಿನ ಹರಿವು ಬರುವ ಕಡೆ ಮೀನುಗಳು ಸೇರುತ್ತವೆ, ಸಂದಿಯೂ ಅಲ್ಲೇ ಇತ್ತು. ಈಗ ಅಲ್ಲಿ ಸ್ಪಂಜಿನ ತುಂಡು ತುರುಕಿದ್ದೇನೆ. ಲೋಚ್, ಈಲ್ ಸಾಕುವವರಾದರೆ ಪೆನ್ಸಿಲ್ ತೂರುವ ಸಂದಿಯನ್ನೂ ಬಿಡಬೇಡಿ, ಅವು ಪೈಪು ಹಿಡಿದು ಹತ್ತಿಕೊಂಡೇ ಹೊರಗೆ ಬರುತ್ತವೆ.

ಗಾಜಾದರೆ ನಾಲ್ಕೈದು ಮಿಲಿಮೀಟರ್ ದಪ್ಪ, ಅಂಚು ತಿಕ್ಕಿಸಿದ್ದು. ತೆಳು ಅಕ್ರಿಲಿಕ್ ಹಾಳೆ ತೇವಕ್ಕೆ ಬಾಗಿ ಹಪ್ಪಳದ ಹಾಗೆ ಮೇಲೇಳುತ್ತದೆ. ಅಗ್ಗದ ಉಪಾಯ ಬೇಕಿದ್ದರೆ ಕಿಟಕಿಗೆ ಹಾಕುವ ಫೈಬರ್ ಸೊಳ್ಳೆ ಪರದೆಯನ್ನು ಮರದ ಚೌಕಟ್ಟಿಗೆ ಬಿಗಿದು ಮೇಲಿಡಿ. ಅಡಿಕೆ ಸಸಿಮಡಿಯ ಶೇಡ್ ನೆಟ್ ಮನೆಯಲ್ಲಿ ಬಿದ್ದಿದ್ದರೆ ಅದೂ ಆದೀತು. ಕಬ್ಬಿಣದ ಜಾಲರಿ ಮಾತ್ರ ಬೇಡ. ಕರಾವಳಿಯ ಉಪ್ಪುಗಾಳಿಗೆ ಅದು ಒಂದು ಮಳೆಗಾಲವೂ ಬಾಳುವುದಿಲ್ಲ. ಸತು ಲೇಪದ್ದಾದರೆ ಆವಿ ಹನಿಗಟ್ಟಿ ಸತು ನೀರಿಗಿಳಿಯುತ್ತದೆ. ಮೃದು ನೀರಿನಲ್ಲಿ ಅದರ ವಿಷ ಇನ್ನೂ ಜಾಸ್ತಿ. ಪರದೆ ಹಗುರ, ದೊಡ್ಡ ಮೀನು ಗುದ್ದಿದರೆ ಎದ್ದುಬಿಡುತ್ತದೆ. ನಾಲ್ಕೂ ಮೂಲೆಗೆ ಕ್ಲಿಪ್ ಹಾಕಿ.

ನೀರನ್ನು ಮೂರು ಇಂಚು ಇಳಿಸಿದರೆ ಸಣ್ಣ ಮೀನಿಗೆ ಸ್ವಲ್ಪ ಅನುಕೂಲ. ಮೇಲೆ ಅಂತರಗಂಗೆ ತೇಲಿಬಿಟ್ಟರೆ ನೆರಳು ಸಿಕ್ಕಿ ಪುಕ್ಕಲು ಮೀನು ತಣ್ಣಗಾಗುತ್ತದೆ. ಹೆಚ್ಚಾದ ಗಿಡವನ್ನು ಕೆರೆಗೋ ಹೊಳೆಗೋ ಎಸೆಯಬೇಡಿ, ಅದು ಕೆರೆಯನ್ನೇ ಮುಚ್ಚಿಬಿಡುತ್ತದೆ. ಉಳಿದಿರುವ ನಿಮ್ಮ ಎರಡು ಶಾರ್ಕ್‌ಗಳನ್ನೂ ಶಾಲ್ಮಲೆಗೆ ಬಿಡಬೇಡಿ. ಅಂಗಡಿಗೆ ವಾಪಸ್ ಕೊಡಿ, ಇಲ್ಲವೇ ದೊಡ್ಡ ಟ್ಯಾಂಕ್ ಇರುವ ಗೆಳೆಯರನ್ನು ಹುಡುಕಿ.

ಅಷ್ಟರಲ್ಲಿ ಇನ್ನೊಂದು ಹಾರಿ ನೆಲದಲ್ಲಿ ಸಿಕ್ಕರೆ ಸತ್ತಿದೆ ಎಂದು ಎಸೆಯಬೇಡಿ. ಕೈ ಒದ್ದೆ ಮಾಡಿಕೊಂಡು ಎತ್ತಿ. ಅಂಟಿದ ಧೂಳನ್ನು ಬಟ್ಟೆಯಿಂದ ಒರೆಸಬೇಡಿ, ಮೈಯ ಲೋಳೆಯೂ ಹೋಗುತ್ತದೆ. ಅದೇ ಟ್ಯಾಂಕಿನ ನೀರು ತುಂಬಿದ ಬಕೆಟ್ಟಿಗೆ ಬಿಟ್ಟು, ಏರ್ ಸ್ಟೋನ್ (ಏರ್ ಪಂಪಿನ ಗಾಳಿಯನ್ನು ಸಣ್ಣ ಗುಳ್ಳೆಯಾಗಿಸುವ ಕಲ್ಲು) ಹಾಕಿ. ಲೀಟರಿಗೆ 1 ಗ್ರಾಂನಷ್ಟು ಅಯೋಡಿನ್ ಇಲ್ಲದ ಕಲ್ಲುಪ್ಪು ಕರಗಿಸಿದರೆ ಗಾಯಕ್ಕೆ ಒಳ್ಳೆಯದು. ಕಿವಿರು ಇನ್ನೂ ಒದ್ದೆ ಇದ್ದರೆ, ಅಡ್ಡ ಬಿದ್ದ ಮೀನೂ ಹತ್ತು ಹದಿನೈದು ನಿಮಿಷದಲ್ಲಿ ಬಾಲ ಆಡಿಸಿದ್ದನ್ನು ನಾನು ನೋಡಿದ್ದೇನೆ.